ಐದನೇ ಸುತ್ತಿನಲ್ಲಿ ಬೀಗರು

ಅಜ್ಜಂಪುರದಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲು ಇದೆ. ನಾನು ಚೆಸ್ ಕಲಿತದ್ದು, ಆಡಿದ್ದು, ನನ್ನನ್ನು ನಾನೇ ದೊಡ್ಡ ಆಟಗಾರ ಎಂದುಕೊಂಡದ್ದು ಎಲ್ಲವೂ ಆ ಮಿಲ್ಲಿನ ಬಾಗಿಲ ಪಕ್ಕದ ಬೆಂಚಿನ ಮೇಲೆ. ಯಾರಾದರೂ ರಾಗಿ ತಂದು ಸಾಲಿನಲ್ಲಿಟ್ಟರೆ ಒಂದು ಆಟ ಶುರುವಾಗುತ್ತಿತ್ತು. ಅವರ ಹಿಟ್ಟು ಬಿದ್ದಾಗ ಮುಗಿಯುತ್ತಿತ್ತು. ಮಿಷನ್ನಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಚೆಕ್ ಕೊಟ್ಟವರು ಎದುರಿನವರ ಮಂಡಿ ತಟ್ಟಬೇಕು, ಅಷ್ಟೇ ನಿಯಮ. ನಮ್ಮೂರಲ್ಲಿ ನನ್ನನ್ನು ಸೋಲಿಸಬಲ್ಲವರು ಇಬ್ಬರೇ ಇದ್ದರು. ಒಬ್ಬರಿಗೆ ದಾವಣಗೆರೆಗೆ ವರ್ಗವಾಯಿತು, ಇನ್ನೊಬ್ಬರಿಗೆ ಕಣ್ಣಿನ ಪೊರೆ ಬಂತು. ಹೀಗೆ ಯಾರನ್ನೂ ಸೋಲಿಸದೆಯೇ ನಾನು ಊರಿಗೆ ಮೊದಲಿಗನಾದೆ.

ಮಗಳನ್ನು ತರೀಕೆರೆಗೆ ಕೊಟ್ಟು ಆಗ ಎಂಟು ತಿಂಗಳಾಗಿತ್ತು. ಅಳಿಯ ಒಳ್ಳೆಯವನು. ಅಳಿಯನ ತಂದೆ, ನನ್ನ ಬೀಗರು, ಸರ್ವೆ ಇಲಾಖೆಯಲ್ಲಿ ಜೀವಮಾನವಿಡೀ ಜಮೀನು ಅಳೆದು ನಿವೃತ್ತರಾದವರು. ಮಿತಭಾಷಿ. ಮಾತನ್ನೂ ಅಳೆದೇ ಆಡುತ್ತಾರೆ. ಮದುವೆಯ ದಿನ ಕೊನೆಯ ಪಂಕ್ತಿಗೆ ಚಿರೋಟಿ ಮುಗಿದುಹೋಗಿ, ಆ ಪಂಕ್ತಿಯಲ್ಲಿ ಬೀಗರ ಅಕ್ಕನವರೇ ಕುಳಿತಿದ್ದು, ಅವರು ಎಲೆ ಮಡಚಿ ಎದ್ದರು. ನಾನು ಕೈಮುಗಿದು ಬೀಗರ ಹತ್ತಿರ ಹೋದೆ. ಅವರು, "ಇರ್ಲಿ ಬಿಡಿ ಬೀಗ್ರೆ" ಎಂದರು. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ 'ಇರ್ಲಿ ಬಿಡಿ' ಮಾತ್ರ ಎಂಟು ತಿಂಗಳು ನನ್ನ ಎದೆಯಲ್ಲಿ ಕೂತಿತ್ತು. ಅವರ ಮನೆಗೆ ಹೋದಾಗಲೆಲ್ಲ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದೆ. ಅವರು "ಮಳೆ ಹೆಂಗೆ ನಿಮ್ಕಡೆ?" ಎನ್ನುವರು, ನಾನು "ಪರವಾಗಿಲ್ಲ" ಎನ್ನುವೆ. ಇಬ್ಬರೂ ಫ್ಯಾನು ನೋಡುತ್ತಿದ್ದೆವು.

ಒಂದು ಬುಧವಾರ ಮಗಳು ಫೋನ್ ಮಾಡಿದಳು.

"ಅಪ್ಪಾಜಿ, ಈ ಭಾನುವಾರ ಕಡೂರಲ್ಲಿ ಚೆಸ್ ಪಂದ್ಯ ಐತೆ. ಯಾರು ಬೇಕಾದ್ರೂ ಆಡ್ಬಹುದು. ನಿಮ್ಮ ಹೆಸರು ಕೊಟ್ಬಿಟ್ಟಿದೀನಿ."

"ನನ್ನ ಕೇಳ್ದೆ ಯಾಕೆ ಕೊಟ್ಟೆ?"

"ಕೇಳಿದ್ರೆ ಬೇಡ ಅಂತಿದ್ರಿ. ಊರಿಗೇ ನಾನೇ ಫಸ್ಟು ಅಂತ ಹೇಳ್ಕೊಂಡು ತಿರುಗ್ತೀರಲ್ಲ, ಹೋಗ್ಬನ್ನಿ."

ಅಷ್ಟು ಹೇಳಿ ಇಟ್ಟಳು. ಇನ್ನೇನೋ ಹೇಳಲಿಕ್ಕಿದ್ದು ನುಂಗಿಕೊಂಡ ದನಿ ಅದು. ಹೆತ್ತವನಿಗೆ ಗೊತ್ತಾಗಬೇಕಿತ್ತು, ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಮಿಲ್ಲಿಗೆ ಬಾಗಿಲು ಹಾಕಿ, ಬೀರೂರಿನ ಮೇಲೆ ಹೋಗುವ ಬಸ್ಸು ಹಿಡಿದು ಕಡೂರಿಗೆ ಬಂದೆ. ಪಂದ್ಯ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಉದ್ದನೆಯ ಊಟದ ಮೇಜುಗಳ ಮೇಲೆ ಬೋರ್ಡು ಹಾಸಿ, ಪಕ್ಕದಲ್ಲಿ ಎರಡು ಮುಖದ ಗಡಿಯಾರ ಇಟ್ಟಿದ್ದರು. ಹೆಸರು ಬರೆಸಿದವರ ಪೈಕಿ ಮುಕ್ಕಾಲು ಪಾಲು ನನ್ನ ಸೊಂಟದ ಎತ್ತರಕ್ಕೂ ಬಾರದವರು. ಅವರ ತಾಯಂದಿರು ಗೋಡೆಯುದ್ದಕ್ಕೂ ಕೂತು ಟಿಫಿನ್ ಡಬ್ಬಿ ಬಿಚ್ಚುತ್ತಿದ್ದರು. ಒಬ್ಬಾಕೆ ನನ್ನನ್ನು ನೋಡಿ, "ನಿಮ್ಮ ಮೊಮ್ಮಗು ಯಾವ ಟೇಬಲ್ಲು?" ಎಂದು ಕೇಳಿದರು. ನಾನು "ಪಟ್ಟಿ ನೋಡ್ಬೇಕು" ಎಂದು ಮುಂದೆ ಹೋದೆ.

ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರು ಹುಡುಕುತ್ತಿದ್ದಾಗ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಂದು ತೋಳು ಬಂದು ಅದೇ ಪಟ್ಟಿಯ ಮೇಲೆ ಬೆರಳಾಡಿಸತೊಡಗಿತು. ತಿರುಗಿ ನೋಡಿದರೆ ಬೀಗರು.

ಇಬ್ಬರೂ ಬೆಚ್ಚಿದೆವು. ಒಂದೇ ಸಲಕ್ಕೆ ಕೈಮುಗಿದೆವು.

"ಏನ್ ಬೀಗ್ರೆ, ಇಲ್ಲಿ?"

"ಸುಮ್ನೆ, ನೋಡ್ಕಂಡು ಹೋಗಾನ ಅಂತ ಬಂದೆ. ನೀವು?"

"ನಾನೂ ಅಷ್ಟೇ. ನೋಡ್ಕಂಡು ಹೋಗಾನ ಅಂತ."

ಅವರ ಬೆರಳು ಅವರ ಹೆಸರಿನ ಮೇಲಿತ್ತು, ನನ್ನ ಬೆರಳು ನನ್ನ ಹೆಸರಿನ ಮೇಲೆ. ಇಬ್ಬರೂ ನಿಧಾನವಾಗಿ ಕೈ ಕೆಳಗಿಳಿಸಿದೆವು. ಬೀಗರ ಹೆಸರನ್ನೂ ನನ್ನ ಮಗಳೇ ಕೊಟ್ಟಿದ್ದಳೆಂದು ಅವರು ಮೆಲ್ಲಗೆ ಒಪ್ಪಿಕೊಂಡಾಗ ತಿಳಿಯಿತು. ಮಾವ ದಿನಾ ಸಂಜೆ ಮೊಬೈಲಿನಲ್ಲಿ ಚೆಸ್ ಆಡುವುದನ್ನು ಅವಳು ಮದುವೆಯಾದ ಮೊದಲ ವಾರವೇ ಕಂಡುಹಿಡಿದಿದ್ದಳು. ನನಗೊಂದು ಮಾತು ಹೇಳಿರಲಿಲ್ಲ, ಅವರಿಗೂ ಹೇಳಿರಲಿಲ್ಲ.

ಒಟ್ಟು ಐದು ಸುತ್ತು. ಮೊದಲ ಸುತ್ತಿನಲ್ಲಿ ನನ್ನೆದುರು ಎರಡು ಜಡೆಯ ಒಂದು ಹುಡುಗಿ ಕೂತಳು. ಮೂರನೆಯ ಕ್ಲಾಸಂತೆ. ನಾನು ಒಂದು ನಡೆ ಯೋಚಿಸುವಷ್ಟರಲ್ಲಿ ಅವಳು ಹಾಲಿನ ಮೂಲೆಯ ನೀರಿನ ಡ್ರಮ್ಮಿನವರೆಗೆ ಹೋಗಿ ಬರುತ್ತಿದ್ದಳು. ಹತ್ತು ನಿಮಿಷದಲ್ಲಿ ನನ್ನ ರಾಜನನ್ನು ಹಿಡಿದು, "ಥ್ಯಾಂಕ್ಯೂ ತಾತ" ಎಂದು ಕೈಕುಲುಕಿ ಹೋದಳು. ಮಿಲ್ಲಿನ ಸದ್ದಿಲ್ಲದೆ ನನಗೆ ತಲೆ ಓಡಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡನೆಯದರಲ್ಲಿ ಒಬ್ಬ ಎಲ್‌ಐಸಿ ಏಜೆಂಟರನ್ನು ಸೋಲಿಸಿದೆ. ಮೂರನೆಯದು ಹೋಯಿತು. ನಾಲ್ಕನೆಯದರಲ್ಲಿ ನನ್ನ ಎದುರಾಳಿ ಊಟಕ್ಕೆ ಮನೆಗೆ ಹೋದವರು ಹಿಂತಿರುಗಲಿಲ್ಲ. ಆ ಅಂಕ ನನಗೆ ಬಂತು. ಅಂತೂ ಎರಡು ಅಂಕ ಗಳಿಸಿ ಎದೆಯುಬ್ಬಿಸಿಕೊಂಡು ಹೊರಗೆ ಚಹಾ ಕುಡಿಯುತ್ತಿದ್ದೆ. ಬೀಗರದೂ ಎರಡೇ ಅಂಕ. ಆದರೆ ಅವರು ಆಡಿಯೇ ಗೆದ್ದವರು.

ಕೊನೆಯ ಸುತ್ತಿನ ಜೋಡಿಗಳ ಪಟ್ಟಿ ಅಂಟಿಸಿದರು. ಸಮ ಅಂಕದವರನ್ನು ಸಮ ಅಂಕದವರ ಜೊತೆ ಕೂರಿಸುತ್ತಾರೆ. ಒಂಬತ್ತನೇ ಟೇಬಲ್ಲಿನಲ್ಲಿ ನಮ್ಮಿಬ್ಬರ ಹೆಸರು ಅಕ್ಕಪಕ್ಕ ಇತ್ತು, ಲಗ್ನಪತ್ರಿಕೆಯಲ್ಲಿ ಇದ್ದಂತೆಯೇ.

ನಾನು ಮೆಟ್ಟಿಲ ಕೆಳಗೆ ಹೋಗಿ ಹೆಂಡತಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಸೋತು ಬನ್ನಿ."

"ಅಲ್ವೇ, ಆಟ ಅಂದ್ಮೇಲೆ—"

"ಆಟ ನಿಮ್ದು ರೀ, ಮಗಳು ಅಲ್ಲಿ ಬಾಳಬೇಕಾದೋಳು. ಚಿರೋಟಿ ಸಾಲ್ದೆ ಬಂದಿದ್ದೇ ಸಾಕು. ಹೆಣ್ಣು ಕೊಟ್ಟೋರು ಬೀಗರನ್ನ ಊರೆದುರಿಗೆ ಸೋಲಿಸಿದ್ರು ಅಂತ ಬೇರೆ ಅನ್ನಿಸ್ಕಬೇಕಾ? ಆಮೇಲೆ ಆ ಅಕ್ಕನೋರು ಇದನ್ನೂ ಸೇರಿಸ್ಕಂಡು ಹೇಳ್ತಾರೆ."

ಸರಿ ಎನ್ನಿಸಿತು. ಅಷ್ಟಕ್ಕೂ ಸೋಲುವುದೇನು ಕಷ್ಟದ ಕೆಲಸ? ಬೆಳಿಗ್ಗೆಯಿಂದ ಎರಡು ಸಲ ಸಲೀಸಾಗಿ ಮಾಡಿದ್ದೆ.

ಬೀಗರು ಆಗಲೇ ಬಂದು ಬಿಳಿ ಕಾಯಿಗಳ ಮುಂದೆ ಕೂತಿದ್ದರು. ಪ್ರತಿ ಕಾಯಿಯನ್ನೂ ಬೆರಳಿನಿಂದ ಸರಿಸಿ ಮನೆಯ ನಟ್ಟನಡುವೆ ನಿಲ್ಲಿಸುತ್ತಿದ್ದರು. ಎಲ್ಲರೂ ಕೈ ಕುಲುಕಿದರು, ನಾವು ಕೈಮುಗಿದೆವು. "ಹಂಗಾದ್ರೆ ಶುರು ಮಾಡ್ಲಾ?" ಎಂದರು. "ನಿಮ್ಮಿಷ್ಟ ಬೀಗ್ರೆ" ಎಂದೆ. ಒಬ್ಬೊಬ್ಬರಿಗೆ ಇಪ್ಪತ್ತೈದು ನಿಮಿಷ. ನಡೆಸಿದವರು ತಮ್ಮ ಕಡೆಯ ಗುಂಡಿ ಒತ್ತಬೇಕು, ಆಗ ಎದುರಿನವರ ಸಮಯ ಓಡುತ್ತದೆ.

ಆರೇಳು ನಡೆ ಆಗುವವರೆಗೆ ಮರ್ಯಾದೆಯಾಗಿ ಆಡಿ, ಆಮೇಲೆ ನನ್ನ ಒಂದು ಕುದುರೆಯನ್ನು ಎತ್ತಿ ಅವರ ಕಾಲಾಳಿನ ಬಾಯಿಗೆ ನೇರವಾಗಿ ಇಟ್ಟೆ. ಇಟ್ಟು, ತಪ್ಪೇ ಮಾಡದವನ ಮುಖ ಮಾಡಿಕೊಂಡು ಕಿಟಕಿಯ ಕಡೆ ನೋಡಿದೆ.

ಬೀಗರು ಕುದುರೆ ನೋಡಿದರು. ಕನ್ನಡಕದ ಮೇಲಿನಿಂದ ನನ್ನ ನೋಡಿದರು. ಮತ್ತೆ ಕುದುರೆ ನೋಡಿದರು. ಮೂರು ನಿಮಿಷ ಹೋಯಿತು. ಕೊನೆಗೆ ಅದನ್ನು ಬಿಟ್ಟು ಎಲ್ಲೋ ಮೂಲೆಯ ಒಂದು ಕಾಲಾಳನ್ನು ಒಂದು ಮನೆ ಮುಂದಕ್ಕೆ ಸರಿಸಿ, ಬಾಗಿ, ಮೆಲ್ಲಗೆ ಹೇಳಿದರು:

"ಬೀಗ್ರೆ, ಕುದ್ರೆ ಸ್ವಲ್ಪ ನೋಡ್ಕಳಿ."

ಪಂದ್ಯ ನೋಡಿಕೊಳ್ಳುತ್ತಿದ್ದ ಯುವತಿ ದೂರದಿಂದಲೇ ತುಟಿಯ ಮೇಲೆ ಬೆರಳಿಟ್ಟು ನಮ್ಮ ಕಡೆ ನೋಡಿದಳು. ನಾನು ಕುದುರೆಯನ್ನು ಅಲ್ಲೇ ಬಿಟ್ಟು ಇನ್ನೇನೋ ನಡೆಸಿದೆ. ಬೀಗರ ಕಿವಿ ಕೆಂಪಾಯಿತು. ಕಾಲಾಳನ್ನು ಎತ್ತಿ ನನ್ನ ಕುದುರೆಯನ್ನು ಹೊಡೆದು, ಗಡಿಯಾರ ಒತ್ತುವುದು ಬಿಟ್ಟು ಕೈ ಎತ್ತಿದರು. ಯುವತಿ ಹತ್ತಿರ ಬಂದಳು.

"ಏನ್ ಸರ್?"

"ಮೇಡಂ, ತಗಂಡಿರೋ ಕಾಯಿನ ವಾಪಸ್ ಕೊಡಕ್ಕೆ ಬರುತ್ತಾ?"

"ಇಲ್ಲ ಸರ್."

"ಅವ್ರು ಬೇಕು ಅಂತ್ಲೇ ಕೊಟ್ಟಿದಾರೆ."

"ಕೊಟ್ಟಿದ್ರೂ ಅಷ್ಟೇ ಸರ್. ಆಟದಲ್ಲಿ ವಾಪಸ್ ಇಲ್ಲ. ನೀವು ಗಡಿಯಾರ ಒತ್ತಿಲ್ಲ, ನಿಮ್ದೇ ಟೈಮ್ ಹೋಗ್ತಾ ಇದೆ."

ಬೀಗರು ಗುಂಡಿ ಒತ್ತಿದರು. ಯುವತಿ ಆಕಡೆ ತಿರುಗಿದ ಮೇಲೆ, ಬೋರ್ಡಿನಿಂದ ಕಣ್ಣೆತ್ತದೆ, ಅಳೆದು ಅಳೆದು ಹೇಳಿದರು.

"ಬೀಗ್ರೆ, ಕೊಡೋದು ತಗಳದು ಎಲ್ಲ ಮದುವೆ ದಿನಾನೇ ಮುಗೀತು. ಈಗ ಆಡಂಗಿದ್ರೆ ಆಡಿ, ಇಲ್ಲಾಂದ್ರೆ ನಾನು ಎದ್ದು ಹೋಯ್ತೀನಿ."

ನನಗೆ ಮುಖಕ್ಕೆ ನೀರು ಎರಚಿದಂತಾಯಿತು. ನಾನು ಅವರಿಗೆ ಮರ್ಯಾದೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರಿಗೆ ಅದು, ಕೈಲಾಗದವನಿಗೆ ಹಾಕುವ ಭಿಕ್ಷೆಯಂತೆ ಕಂಡಿತ್ತು. ಅದರ ಜೊತೆಗೆ ಇನ್ನೊಂದು ಯೋಚನೆಯೂ ಬಂತು: ಈ ಮನುಷ್ಯ, ನಾನು ಬೇಕೆಂದೇ ಕೆಟ್ಟದಾಗಿ ಆಡಿದರೆ ಮಾತ್ರ ಸೋಲುವವನು ಎಂದು ತಿಳಿದಿದ್ದಾನಲ್ಲ, ಅಂದರೆ ನನ್ನ ಆಟದ ಮೇಲೆ ಒಳ್ಳೆಯ ಅಭಿಪ್ರಾಯವೇ ಇದೆ. ಇಷ್ಟು ಹೊತ್ತಿಗೆ ಬೀಗರು ಮನಸ್ಸಿನಲ್ಲಿ 'ಈ ಮನುಷ್ಯ' ಆಗಿಬಿಟ್ಟಿದ್ದರು. ಹೆಂಡತಿಯ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಕಾಲು ಚಾಚಿ ಸರಿಯಾಗಿ ಕೂತೆ.

ಒಂದು ಕುದುರೆ ಕಡಿಮೆ ಇಟ್ಟುಕೊಂಡು ಆಡುವುದು ಎಂಥ ಕಷ್ಟ ಎಂಬುದು ದಾನ ಮಾಡಿದ ಮೇಲೆ ಗೊತ್ತಾಗುತ್ತದೆ. ಆದರೂ ಉಳಿದ ಇನ್ನೊಂದು ಕುದುರೆಯನ್ನು ಮೆಲ್ಲನೆ ಅವರ ಪಾಳೆಯದೊಳಕ್ಕೆ ಬಿಟ್ಟೆ. ಅವರು ನನ್ನ ಮಂತ್ರಿಯ ಮೇಲೆ ಕಣ್ಣಿಟ್ಟು ಲೆಕ್ಕ ಹಾಕುತ್ತಿದ್ದಾಗ ಅದು ನೆಗೆದು ರಾಜನಿಗೆ ಚೆಕ್ ಕೊಟ್ಟು, ಅದೇ ನೆಗೆತದಲ್ಲಿ ಮೂಲೆಯ ಆನೆಯ ಮೇಲೂ ಕಣ್ಣು ಹಾಕಿ ಕೂತಿತು. ಅಭ್ಯಾಸಬಲದಿಂದ ನನ್ನ ಕೈ ಮೇಜಿನ ಕೆಳಗೆ ಹೋಗಿ ಬೀಗರ ಮಂಡಿ ತಟ್ಟಿಬಿಟ್ಟಿತು.

ಅವರು ಬೆಚ್ಚಿ ಮೇಜಿನ ಕೆಳಗೆ ಬಗ್ಗಿ ನೋಡಿದರು.

"ಏನದು?"

"ಚೆಕ್ಕು."

"ಬಾಯಾಗೆ ಹೇಳ್ಬಾರ್ದೇನ್ರೀ?"

ಯುವತಿ ಮತ್ತೆ ತುಟಿಗೆ ಬೆರಳಿಟ್ಟಳು. ಆನೆ ನನಗೆ ಬಂತು. ಆದರೆ ಅದನ್ನು ತಿಂದ ಕುದುರೆ ಆ ಮೂಲೆಯಿಂದ ಹೊರಬರಲಾರದೆ ಅಲ್ಲೇ ಸತ್ತಿತು. ಆಮೇಲೆ ನಡೆದದ್ದು ಯುದ್ಧವಲ್ಲ, ಸಂತೆ ಮುಗಿದಾಗಿನ ಚೌಕಾಸಿ. ನೀನು ಒಂಟೆ ಕೊಡು ನಾನು ಒಂಟೆ ಕೊಡುತ್ತೇನೆ, ನಿನ್ನದೊಂದು ಆನೆ ನನ್ನದೊಂದು ಆನೆ. ಮಂತ್ರಿಗಳೂ ಹೋದವು. ಬೆಳಿಗ್ಗೆಯಿಂದ ಒಮ್ಮೆಯೂ ನಗದ ಬೀಗರು ನನ್ನ ಒಂದು ಕಾಲಾಳು ಹೊಡೆದಾಗ ಸಣ್ಣಗೆ ನಕ್ಕರು. ನನಗೆ ಮೈ ಉರಿಯಿತು. ಅವರ ಎರಡನ್ನು ಹೊಡೆದು ನಾನೂ ನಕ್ಕೆ. ಅವರು ನಗು ನಿಲ್ಲಿಸಿ ಶರ್ಟಿನ ತೋಳು ಮಡಚಿದರು.

ಸುತ್ತಲಿನ ಟೇಬಲ್ಲುಗಳು ಖಾಲಿಯಾದವು. ಕೊನೆಗೆ ಆಡುತ್ತಿದ್ದವರು ನಾವಿಬ್ಬರೇ. ನನ್ನನ್ನು ಸೋಲಿಸಿದ ಎರಡು ಜಡೆಯ ಹುಡುಗಿ ಒಂದು ಹಿಡಿ ಖಾರಾಮಂಡಕ್ಕಿ ಹಿಡಿದುಕೊಂಡು ನಮ್ಮ ಮೇಜಿನ ಪಕ್ಕ ನಿಂತು, ಒಮ್ಮೆ ಅವರ ನಡೆಗೆ, ಒಮ್ಮೆ ನನ್ನ ನಡೆಗೆ ಅಯ್ಯೋ ಎನ್ನುವಂತೆ ತಲೆಯಾಡಿಸುತ್ತಿದ್ದಳು. ಬೋರ್ಡಿನ ಮೇಲೆ ಇದ್ದದ್ದು ನನ್ನ ರಾಜ, ಅವರ ರಾಜ, ಅವರ ಒಂದೇ ಒಂದು ಕಾಲಾಳು. ಅದನ್ನು ತಡೆಯಲು ನನ್ನ ರಾಜ ಓಡಿದ್ದೇ ಓಡಿದ್ದು. ಮುಟ್ಟಲಾಗಲಿಲ್ಲ. ಕಾಲಾಳು ಕೊನೆಯ ಸಾಲು ತಲುಪಿ ಮಂತ್ರಿಯಾಯಿತು.

ಸೋತೆ ಎಂದು ಕೈಚಾಚಬಹುದಿತ್ತು. ಅರ್ಧ ಗಂಟೆಯ ಹಿಂದೆ ಅದನ್ನೇ ಬಯಸಿದ್ದೆ. ಈಗ ಪ್ರಾಣ ಹೋದರೂ ಕೈಚಾಚಲಾರೆ ಅನ್ನಿಸಿತು. ಬೀಗರ ಗಡಿಯಾರದಲ್ಲಿ ಎರಡು ನಿಮಿಷವೂ ಉಳಿದಿರಲಿಲ್ಲ. ಅವರು ಗಡಿಬಿಡಿಯಲ್ಲಿ ಚೆಕ್ ಮೇಲೆ ಚೆಕ್ ಕೊಡುತ್ತಾ ನನ್ನ ರಾಜನನ್ನು ಮೂಲೆಗೆ ಅಟ್ಟಿದರು. ಮೂಲೆ ಸೇರಿದ ಮೇಲೆ ಒಂದು ಕ್ಷಣ ನಿಂತು ನೋಡಿ, ಮಂತ್ರಿಯನ್ನು ಎತ್ತಿ, ನನ್ನ ರಾಜನಿಂದ ಒಂದು ಕುದುರೆ ನೆಗೆತದಷ್ಟು ದೂರದ ಮನೆಯಲ್ಲಿ ಠಪ್ಪನೆ ಇಟ್ಟರು. ಗುಂಡಿ ಒತ್ತಿ ಹಿಂದಕ್ಕೆ ಒರಗಿದರು.

ನಾನು ನೋಡಿದೆ. ಎಡಕ್ಕೆ ಹೋದರೆ ಮಂತ್ರಿ, ಕೆಳಗೆ ಹೋದರೆ ಮಂತ್ರಿ, ಮೂಲೆಯಿಂದ ಓರೆಯಾಗಿ ಹೋದರೂ ಮಂತ್ರಿ.

"ಹೋಗಕ್ಕೆ ಜಾಗಾನೇ ಇಲ್ಲ ಬೀಗ್ರೆ. ನಾನು ಸೋತೆ" ಎಂದೆ.

"ಚೆನ್ನಾಗಿ ಆಡಿದ್ರಿ ಬೀಗ್ರೆ" ಎಂದರು. ಆ ಮಾತಿನಲ್ಲಿ ಅಳತೆ ಇರಲಿಲ್ಲ. ನಿಜವಾಗಿ ಖುಷಿಯಾಗಿತ್ತು ಅವರಿಗೆ.

"ಸೋತಿಲ್ಲ ತಾತ" ಎಂದಳು ಮಂಡಕ್ಕಿಯ ಹುಡುಗಿ. ಅಷ್ಟರಲ್ಲಿ ಯುವತಿಯೂ ಬಂದು ಬೋರ್ಡು ನೋಡಿ, "ಡ್ರಾ ಸರ್. ಇಬ್ಬರಿಗೂ ಅರ್ಧರ್ಧ" ಎಂದಳು.

ಬೀಗರು ನೆಟ್ಟಗಾದರು. "ಡ್ರಾ ಹೆಂಗಾಗುತ್ತೆ ಮೇಡಂ? ಎಲ್ಲಾ ಕಡೆ ಮುಚ್ಚಿದೀನಲ್ಲ."

"ಮುಚ್ಚಿದೀರಿ ಸರ್, ಆದ್ರೆ ಚೆಕ್ ಕೊಟ್ಟಿಲ್ಲ. ರಾಜ ನಿಂತಿರೋ ಮನೆಗೆ ನಿಮ್ಮ ಯಾವ ಕಾಯಿಂದೂ ಏಟಿಲ್ಲ. ಚೆಕ್ ಇಲ್ಲದೆ, ನಡೆಯೋಕೂ ಜಾಗ ಇಲ್ಲ ಅಂದ್ರೆ ಅದು ಡ್ರಾ."

"ಅವ್ರೇ ಸೋತೆ ಅಂದ್ರಲ್ಲ."

"ಅವ್ರು ಹೇಳೋ ಮೊದ್ಲೇ ಆಟ ಮುಗಿದಿತ್ತು ಸರ್."

ನನ್ನ ಮಿಲ್ಲಿನ ಬೆಂಚಿನಲ್ಲಿ ಇಂಥ ನಿಯಮ ಇರಲಿಲ್ಲ. ಜಾಗವಿಲ್ಲದವನು ಸೋತವನು, ಅಷ್ಟೇ. ಬೀಗರಿಗೆ ನಿಯಮ ಗೊತ್ತಿತ್ತು, ಮೊಬೈಲಿನಲ್ಲಿ ದಿನಾ ಆಡುವವರು. ಗೊತ್ತಿದ್ದೂ ಮರೆತರು ಎಂಬುದೇ ಅವರನ್ನು ಸುಟ್ಟಿತು. ಜೀವಮಾನವಿಡೀ ಊರವರ ಜಮೀನಿಗೆ ಗಡಿ ಗುರುತಿಸಿದ ಮನುಷ್ಯ, ನನ್ನ ರಾಜನ ಸುತ್ತಲೂ ಅಚ್ಚುಕಟ್ಟಾಗಿ ಕಲ್ಲು ನೆಟ್ಟು, ಒಂದು ನೋಟಿಸು ಕೊಡುವುದನ್ನು ಬಿಟ್ಟಿದ್ದರು. ನನಗೆ ನಗು ಬಂತು. ಮದುವೆ ಮಾಡಿಕೊಟ್ಟ ಮೇಲೆ ಮೊದಲ ಬಾರಿಗೆ ಅವರೆದುರು ನಕ್ಕೆ, ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಹೊರಗೆ ಮಗಳು, ಅಳಿಯ ಬೈಕಿನಲ್ಲಿ ಬಂದು ನಿಂತಿದ್ದರು. ಸಮ ಆಯಿತೆಂದು ಕೇಳಿ ಅಳಿಯ ಮುಖ ಅರಳಿಸಿ, "ಒಳ್ಳೇದ್ ಮಾಡಿದ್ರಿ ಅಪ್ಪ, ಇಬ್ರೂ ಮಾತಾಡ್ಕಂಡು ಸರಿ ಮಾಡ್ಕಂಡ್ರಲ್ಲ" ಎಂದ. ಬೀಗರು ಮಡಚಿದ್ದ ಶರ್ಟಿನ ತೋಳು ಇಳಿಸಿದರು. ಫೋನಿನಲ್ಲಿ ನನ್ನ ಹೆಂಡತಿ, "ಅಂತೂ ಬುದ್ಧಿ ಬಂತಲ್ಲ ನಿಮ್ಗೆ. ಸೋಲೋದಕ್ಕಿಂತ ಇದೇ ವಾಸಿ" ಎಂದಳು. ಮಗಳು ಮಾತ್ರ ನಮ್ಮಿಬ್ಬರ ಮುಖ ನೋಡಿ, ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೂರು ವಾರದ ಮೇಲೆ ತರೀಕೆರೆಯ ಮನೆಗೆ ಊಟಕ್ಕೆ ಕರೆದಿದ್ದರು. ನಾನೂ ಹೆಂಡತಿಯೂ ಹೋದೆವು. ಬೀಗರ ಅಕ್ಕನವರೂ ಬಂದಿದ್ದರು. ಎಲ್ಲ ಒಟ್ಟಿಗೆ ಊಟಕ್ಕೆ ಕೂತಾಗ ಅವರು ನನ್ನ ಕಡೆ ಮೊದಲ ಬಾರಿಗೆ ಪ್ರೀತಿಯಿಂದ ನೋಡಿ, "ಏನಪ್ಪಾ, ನಮ್ಮ ತಮ್ಮ, ನೀವು ಸೇರ್ಕಂಡು ಎರಡು ಮನೆ ಮರ್ಯಾದೆ ಉಳಿಸಿದ್ರಂತೆ. ದೊಡ್ಡೋರು ಅಂದ್ರೆ ಹಂಗಿರಬೇಕು" ಎಂದರು.

ಬೀಗರು ತುತ್ತು ಎಲೆಗೆ ಇಳಿಸಿದರು. ಮೂರು ವಾರದಿಂದ ಈ ಹೊಗಳಿಕೆ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು.

"ಅಕ್ಕ, ನಾನು ಯಾರ ಮರ್ಯಾದೇನೂ ಉಳಿಸಿಲ್ಲ ಕಣೆ. ಗೆದ್ದಿರೋ ಆಟ ಹಾಳು ಮಾಡ್ಕಂಡೆ. ನನ್ನ ಹತ್ರ ಮಂತ್ರಿ ಇತ್ತು, ಇವ್ರ ಹತ್ರ ಏನೂ ಇರ್ಲಿಲ್ಲ. ದಡ್ಡ ನಾನು, ಚೆಕ್ ಕೊಡೋದು ಬಿಟ್ಟು ಸುತ್ತ ಮುಚ್ಚಿಬಿಟ್ಟೆ."

"ಮಂತ್ರಿ ಇದ್ದೂ ಸುಮ್ನೆ ಬಿಟ್ಟೆ ಅನ್ನು" ಎಂದರು ಅಕ್ಕ.

"ಬಿಟ್ಟಿಲ್ಲ. ತಪ್ಪಿ ಹೋಯ್ತು."

"ನೋಡಮ್ಮ" ಎಂದು ಅಕ್ಕ ನನ್ನ ಹೆಂಡತಿಯ ಕಡೆ ತಿರುಗಿದರು, "ನಮ್ಮ ತಮ್ಮ ಸಣ್ಣವನಿದ್ದಾಗ್ಲಿಂದ್ಲೂ ಹಂಗೆ. ಒಳ್ಳೇದ್ ಮಾಡ್ತಾನೆ, ನಾನು ಮಾಡಿದ್ದು ಅನ್ನಲ್ಲ."

ಬೀಗರು ಎಲೆಯ ತುದಿಯಲ್ಲಿ ಉಪ್ಪಿನಕಾಯಿಯ ಹೋಳನ್ನು ನನ್ನ ರಾಜ ಮಾಡಿ, ಕೋಸಂಬರಿಯ ಒಂದು ಸೌತೆಕಾಯಿ ಚೂರನ್ನು ಮಂತ್ರಿ ಮಾಡಿ ತೋರಿಸಿದರು. ಹೆಂಗಸರು ಗೌರವದಿಂದ ನೋಡಿದರು. ಬೀಗರು ವಿವರಿಸಿದಷ್ಟೂ ದೊಡ್ಡ ಮನುಷ್ಯರಾಗುತ್ತಾ ಹೋದರು. ಅವರು ನನ್ನ ಕಡೆ ನೋಡಿ, "ನೀವಾದ್ರೂ ಹೇಳಿ ಬೀಗ್ರೆ" ಎಂದರು. ನಾನು, "ಅವ್ರು ಹೇಳ್ತಿರೋದು ನಿಜ" ಎಂದೆ. "ನೀವು ಹಂಗೇ ಅನ್ಬೇಕಲ್ಲಪ್ಪ" ಎಂದರು ಅಕ್ಕ.

ಊಟವಾದ ಮೇಲೆ ಬೀಗರು ಒಳಗಿನಿಂದ ಬೋರ್ಡು ತಂದು ಜಗಲಿಯ ಮೇಲೆ ಹಾಸಿದರು. "ಮಳೆ ಹೆಂಗೆ?" ಎಂದು ಕೇಳಲಿಲ್ಲ. ಎರಡು ಆಟ ಆಡಿದೆವು. ಮೊದಲನೆಯದು ನಾನು ಗೆದ್ದೆ, ಎರಡನೆಯದು ಅವರು. ಮಧ್ಯದಲ್ಲಿ ಒಮ್ಮೆ ಒಂದು ನಡೆ ಹಿಂದಕ್ಕೆ ತೆಗೆಯುತ್ತೇನೆ ಎಂದು ಅವರು, ಕೊಡುವುದಿಲ್ಲ ಎಂದು ನಾನು, ದನಿ ಸ್ವಲ್ಪ ಏರಿತು. ಒಳಗಿನಿಂದ ನನ್ನ ಹೆಂಡತಿ ಗಾಬರಿಯಿಂದ ಇಣುಕಿದಳು. ಮಗಳು ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಸಂಜೆ ಅಜ್ಜಂಪುರದ ಬಸ್ಸಿಗೆ ಬಿಡಲು ಬೀಗರೇ ಸ್ಟ್ಯಾಂಡಿನವರೆಗೆ ಬಂದರು. ದಾರಿಯುದ್ದಕ್ಕೂ ಎರಡನೆಯ ಆಟದಲ್ಲಿ ನಾನೆಲ್ಲಿ ತಪ್ಪಿದೆ ಎಂದು ಹೇಳಿದರು. ನಾನು ತಪ್ಪಿಲ್ಲ ಎಂದೆ. ಬಸ್ಸು ಬಂತು, ಹತ್ತಿ ಕಿಟಕಿ ಪಕ್ಕ ಕೂತೆವು. ನನ್ನ ಹೆಂಡತಿ ಕೈಮುಗಿದು, "ಬತ್ತೀವಿ ಅಣ್ಣಾವ್ರೆ, ನೀವೂ ಬನ್ನಿ ನಮ್ಮೂರ ಕಡೆ" ಎಂದಳು. ಅವರಿಗೆ ಅದು ಕೇಳಿಸಲಿಲ್ಲ. ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಹಾಕುತ್ತಾ, ಕಿಟಕಿಯ ಸರಳಿಗೆ ಕೈಯಿಟ್ಟು ಹೇಳುತ್ತಲೇ ಇದ್ದರು.

"ಆ ಒಂಟೆ ಎತ್ತಬಾರದಾಗಿತ್ತು ಕಣ್ರೀ. ಒಂಟೆ ಎತ್ತಿದ್ದಕ್ಕೇ ಹೋಯ್ತು."